ಅಜ್ಜನ ಮನೆಯ ಜಂತಿಯಿಂದ ಶುರು ಮಾಡಿ

ಮಾಸ್ತರ್, ನಮಸ್ಕಾರ.

ಕುಷ್ಟಗಿಯಿಂದ ನೀವು ಕಳಿಸಿದ ಗೆದ್ದಲಿನ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ.

ಮೊದಲು ದೊಡ್ಡ ತಪ್ಪು. ಹೊಲದ ಬದುವಿನ ಹುತ್ತ ತೋರಿಸಿ, ಅದರೊಳಗಿನ ಗೆದ್ದಲಿನ ಕರುಳಲ್ಲಿ ಏಕಕೋಶ ಜೀವಿಗಳಿವೆ, ಅವೇ ಮರ ಕರಗಿಸುತ್ತವೆ ಎಂದು ಬರೆದಿದ್ದೀರಿ. ಎರಡು ಬೇರೆ ಗೆದ್ದಲನ್ನು ಒಂದು ಮಾಡಿಬಿಟ್ಟಿದ್ದೀರಿ. ನಮ್ಮ ಹೊಲಗಳಲ್ಲಿ ಹುತ್ತ ಕಟ್ಟುವುದು ಹೆಚ್ಚಾಗಿ ಒಡಾಂಟೊಟರ್ಮಿಸ್ ಗುಂಪಿನದು. ಅದರ ಕರುಳಲ್ಲಿ ಬ್ಯಾಕ್ಟೀರಿಯಾ ಇವೆ, ನೀವು ಹೇಳುವ ಏಕಕೋಶ ಜೀವಿಗಳಿಲ್ಲ. ಅದು ತೋಟ ಮಾಡುವ ಹುಳ. ಅಗಿದು ನುಂಗಿದ ಕಟ್ಟಿಗೆ ಅರೆಬರೆ ಜೀರ್ಣವಾಗಿ ಹಿಕ್ಕೆಯಾಗುತ್ತದೆ. ಆ ಹಿಕ್ಕೆಯನ್ನೇ ಹುತ್ತದೊಳಗೆ ತೂತು ತೂತಾದ ಗೂಡಿನ ಹಾಗೆ ಕಟ್ಟಿ, ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಬೆಳೆಸುತ್ತದೆ. ಶಿಲೀಂಧ್ರ ಆ ಹಿಕ್ಕೆಯನ್ನು ಹದ ಮಾಡಿದ ಮೇಲೆ ಮತ್ತೆ ತಿನ್ನುತ್ತದೆ. ಮಳೆ ಬಿದ್ದಾಗ ಹುತ್ತದ ಮೇಲೆ ಅಣಬೆ ಏಳುತ್ತದಲ್ವಾ, ಅದು ಈ ತೋಟದ್ದೇ. ನಿಮ್ಮ ಮಕ್ಕಳು ಅದನ್ನು ಕಣ್ಣಾರೆ ಕಂಡಿರುತ್ತಾರೆ. ಲೇಖನದಲ್ಲಿ ಅಣಬೆಯ ಸುಳಿವೇ ಇಲ್ಲ.

ನೀವು ಹೇಳುವ ಏಕಕೋಶ ಜೀವಿಗಳು ಕಾಪ್ಟೊಟರ್ಮಿಸ್ ಎಂಬ ಇನ್ನೊಂದು ಗುಂಪಿನಂಥ ಗೆದ್ದಲುಗಳ ಕರುಳಲ್ಲಿರುತ್ತವೆ. ಕ್ಲೀವ್‌ಲ್ಯಾಂಡ್ ಎಂಬ ಅಮೆರಿಕದ ವಿಜ್ಞಾನಿ 1920ರ ದಶಕದಲ್ಲಿ ಅಂಥ ಗೆದ್ದಲುಗಳ ಕರುಳಿನಿಂದ ಅವನ್ನು ಇಲ್ಲವಾಗಿಸಿದರು. ಗೆದ್ದಲು ಮರ ತಿನ್ನುತ್ತಲೇ ಹಸಿವಿನಿಂದ ಸತ್ತವು. ಇದನ್ನು ನೀವು ಚೆನ್ನಾಗಿ ಹೇಳಿದ್ದೀರಿ. ಆದರೆ "ಗೆದ್ದಲಿಗೆ ಸ್ವಂತ ಶಕ್ತಿಯೇ ಇಲ್ಲ" ಅನ್ನುವ ಸಾಲು ಹಳೆಯದಾಯಿತು. ಮರದ ನಾರಿನಲ್ಲಿರುವ ಸೆಲ್ಯುಲೋಸ್ ಒಡೆಯುವ ಕಿಣ್ವದ ಜೀನ್ ಗೆದ್ದಲಿನಲ್ಲೇ ಇದೆ ಎಂದು 1998ರಲ್ಲಿ ಗೊತ್ತಾಗಿದೆ. ಆ ಸಾಲು ತೆಗೆಯಿರಿ.

ನಿಮ್ಮ ಲೇಖನದ ಜೀವ ಇರುವುದು ಪೊರೆ ಬಿಡುವ ಮಾತಿನಲ್ಲಿ. ಇಂಥ ಗೆದ್ದಲು ಪೊರೆ ಬಿಟ್ಟಾಗ ಅದರ ಕರುಳಿನ ಹಿಂಭಾಗದ ಒಳಪದರವೂ ಕಳಚುತ್ತದೆ, ಒಳಗಿದ್ದ ಜೀವಿಗಳೂ ಹೋಗುತ್ತವೆ. ಆಗ ಅದು ಗೂಡಿನ ಇನ್ನೊಂದು ಗೆದ್ದಲಿನ ಹಿಂಬದಿಯಿಂದ ಬರುವ ಹನಿ ನೆಕ್ಕಿ ಅವನ್ನು ಮತ್ತೆ ಪಡೆಯುತ್ತದೆ. ಒಂಟಿ ಗೆದ್ದಲು ಬಾಳುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ. ನೀವೋ "ಅಸಹ್ಯವೆನಿಸಬಹುದು" ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಯಾಕೆ ಮುಜುಗರ? ಇದಕ್ಕೆ ಒಂದು ಪುಟ ಕೊಡಿ.

ಮರದಲ್ಲಿ ಸಾರಜನಕ ಕಡಿಮೆ. ಕರುಳಿನ ಕೆಲವು ಬ್ಯಾಕ್ಟೀರಿಯಾ ಅದನ್ನು ಗಾಳಿಯಿಂದ ಹಿಡಿಯುತ್ತವೆ. ಶೇಂಗಾ ಬೇರಿನ ಗಂಟಲ್ಲಿ ನಡೆಯುವ ಕೆಲಸವೇ ಇದು ಅಂದರೆ ಸಾಕು, ನಮ್ಮ ರೈತರಿಗೆ ತಿಳಿಯುತ್ತದೆ. "ಕಾಷ್ಠಭಕ್ಷಕ ಕೀಟ" ಬೇಡ. ಮರ ತಿನ್ನುವ ಹುಳ ಅನ್ನಿ.

ಕೊನೆಯ ಪುಟದಲ್ಲಿ ಅಜ್ಜನ ಮಾಳಿಗೆ ಮನೆಯ ಜಂತಿ ಬರುತ್ತದೆ. ಹೊರಗೆ ಸುಣ್ಣ ಹಾಗೇ ಇದೆ, ಬೆರಳು ಒತ್ತಿದರೆ ಒಳಗೆ ಇಳಿಯಿತು, ಹಾಳೆ ಹಾಳೆಯಾಗಿ ಮಣ್ಣು ಉದುರಿತು. ಓದುತ್ತಾ ನನ್ನ ಬೆರಳೇ ಇಳಿದಂತಾಯಿತು. ಲೇಖನ ಅಲ್ಲಿಂದ ಶುರುವಾಗಲಿ. ಆ ಜಂತಿಯನ್ನು ತಿಂದದ್ದು ಯಾವ ಗೆದ್ದಲು? ಸುಮ್ನೆ ಊಹಿಸಬೇಡಿ. ಇನ್ನೂ ಇದ್ದರೆ, ದೊಡ್ಡ ತಲೆಯ ಸೈನಿಕ ಹುಳಗಳನ್ನು ಸ್ಪಿರಿಟ್ ಹಾಕಿದ ಬಾಟಲಿಯಲ್ಲಿಟ್ಟು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರಿಗೆ ತೋರಿಸಿ. ಜಾತಿ ಗುರುತಿಸಲು ಆ ತಲೆ ಬೇಕಾಗುತ್ತದೆ.

ತಿದ್ದಿದ ಪ್ರತಿಗೆ ಕಾಯುತ್ತೇನೆ. ಈ ಸಲ ಹುತ್ತದ ಮೇಲೆ ಅಣಬೆ ಎದ್ದರೆ ಫೋಟೊ ತೆಗೆದು ಅದನ್ನೂ ಜೊತೆಗೆ ಕಳಿಸಿ.