ಪ್ರ: ‘ನನಗೆ ಬಂದೂಕು ಮಾರಬೇಡಿ’ ಎಂದು ಬರೆದುಕೊಟ್ಟರೆ ಜೀವನಪೂರ್ತಿ ಅಂಟಿಕೊಳ್ಳುತ್ತಾ?

ಖಂಡಿತ ಇಲ್ಲ. ನೀವಿರುವುದು ಸಿಯಾಟಲ್‌ನಲ್ಲಿ ಅಂದಿರಿ. ಆತ್ಮಹತ್ಯೆಯ ಯೋಚನೆ ಬರುವಂಥವರು ಬಂದೂಕು ಕೊಳ್ಳುವ ಹಕ್ಕನ್ನು ತಾವಾಗಿಯೇ ಬಿಟ್ಟುಕೊಡುವ ಈ ಸೌಲಭ್ಯ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2019ರಿಂದ ಇದೆ. ಫೋಟೋ ಇರುವ ಗುರುತಿನ ಚೀಟಿಯ ಜೊತೆ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಕ್ಲರ್ಕ್, ಅಂದರೆ ಅಲ್ಲಿನ ನ್ಯಾಯಾಲಯದ ದಾಖಲೆ ನೋಡಿಕೊಳ್ಳುವ ಅಧಿಕಾರಿಯ ಕಚೇರಿಗೆ ಫಾರ್ಮ್ ಕೊಡಬೇಕು. ಆಮೇಲೆ ಬಂದೂಕಿನ ಅಂಗಡಿಯವರು ನಿಮ್ಮ ಹೆಸರು ಪರಿಶೀಲಿಸಿದರೆ ಮಾರಾಟಕ್ಕೆ ತಡೆ ಬೀಳುತ್ತದೆ. 7 ದಿನ ಕಳೆದ ಮೇಲೆ ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು, ಆದರೆ ಅದಕ್ಕೂ ಮತ್ತೆ ಅರ್ಜಿ ಕೊಡಬೇಕು. ನನ್ನ ಪ್ರಕಾರ ಆ ವಿಳಂಬದಲ್ಲೇ ಇದರ ಉಪಯೋಗ ಇರುವುದು. ಸಾಯಬೇಕೆನ್ನುವ ತೀವ್ರತೆ ಎಷ್ಟೋ ಸಲ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಅಲ್ವಾ?

ಒಂದು ಕೊರತೆ ಇದೆ. ಮನೆಯಲ್ಲಿ ಈಗಾಗಲೇ ಇರುವ ಬಂದೂಕನ್ನು ಯಾರೂ ಬಂದು ಒಯ್ಯುವುದಿಲ್ಲ. ಇದ್ದರೆ ಅದನ್ನು ಮೊದಲು ಮನೆಯಿಂದಾಚೆ ಇರಿಸುವ ವ್ಯವಸ್ಥೆ ಮಾಡಿ. ಖಿನ್ನತೆ ಮತ್ತೆ ಜಾಸ್ತಿಯಾದರೆ 988ಕ್ಕೆ (ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ) ಕರೆ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ಸರಿ.