ದಿ ವೈರ್ ಐದನೇ ಸೀಸನ್: ಮಧ್ಯದಲ್ಲಿ ಬಿಡಬೇಡಿ

ಬಾಲ್ಟಿಮೋರ್ ಪೊಲೀಸರ ಕುರಿತ ಅಮೆರಿಕದ ಟಿವಿ ಸರಣಿ 'ದಿ ವೈರ್'ನ ಐದನೇ ಸೀಸನ್‌ನಲ್ಲಿ ಮೂರು ಕಂತು ನೋಡಿದ್ದೀರಿ, ತನಿಖೆಗೆ ಹಣ ಬರಲಿ ಅಂತ ಪತ್ತೇದಾರ ಮೆಕ್‌ನಲ್ಟಿ ಇಲ್ಲದ ಸರಣಿ ಹಂತಕನನ್ನು ಸೃಷ್ಟಿಸುವ ಕಥೆ ನಂಬೋಕಾಗ್ತಿಲ್ಲ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. 2008ರಲ್ಲಿ ಪ್ರಸಾರವಾದಾಗಿನಿಂದಲೂ ವೀಕ್ಷಕರ ದೊಡ್ಡ ತಕರಾರು ಇದೇ.

ಮೆಕ್‌ನಲ್ಟಿಯ ಹತಾಶೆಗೆ ಕಾರಣ ಗಟ್ಟಿಯಾಗಿಯೇ ಇದೆ: ಶಾಲೆಗಳ ಹಣದ ಕೊರತೆ ತುಂಬಲು ಮೇಯರ್ ಪೊಲೀಸ್ ಬಜೆಟ್‌ಗೆ ಕತ್ತರಿ ಹಾಕಿದ್ದಾನೆ, ಖಾಲಿ ಮನೆಗಳಲ್ಲಿ ಸಿಕ್ಕ 22 ಹೆಣಗಳ ತನಿಖೆ ನಿಂತಿದೆ. ಎಡವಿದ್ದು ಅವಸರದಲ್ಲಿ. ಹಿಂದಿನ ಸೀಸನ್‌ಗಳಿಗೆ 12-13 ಕಂತು, ಇದಕ್ಕೆ ಹತ್ತೇ. ಅಷ್ಟು ತಾಳ್ಮೆಯ ಪತ್ತೇದಾರ ಲೆಸ್ಟರ್ ಈ ಮೋಸಕ್ಕೆ ಇಷ್ಟು ಬೇಗ ಕೈಜೋಡಿಸಿದ್ದು ನಿಜಕ್ಕೂ ನೋವಾಗುತ್ತೆ. ಪತ್ರಿಕಾ ಕಚೇರಿಯ ಭಾಗದಲ್ಲೂ ಸಂಪಾದಕ ಗಸ್ ಯಾವಾಗಲೂ ಸರಿ, ಮೇಲಿನವರು ಯಾವಾಗಲೂ ತಪ್ಪು. ಸೃಷ್ಟಿಕರ್ತ ಡೇವಿಡ್ ಸೈಮನ್ ಸ್ವತಃ ಬಾಲ್ಟಿಮೋರ್ ಸನ್ ಪತ್ರಿಕೆಯಲ್ಲಿ ವರದಿಗಾರರಾಗಿದ್ದವರು. ಹಳೆಯ ಸಿಟ್ಟು ಇಲ್ಲಿ ಇಣುಕುತ್ತೆ ಅನ್ನೋದು ನನ್ನ ಅನಿಸಿಕೆ.

ಈಗ ಮೊದಲ ಕಂತಿನ ಆರಂಭವನ್ನು ಇನ್ನೊಮ್ಮೆ ನೋಡಿ. ಪತ್ತೇದಾರರು ಜೆರಾಕ್ಸ್ ಯಂತ್ರವನ್ನೇ ಸುಳ್ಳುಪತ್ತೆ ಯಂತ್ರ ಅಂತ ನಂಬಿಸ್ತಾರೆ, ಹುಡುಗನ ಕೈಯನ್ನು ಅದಕ್ಕೆ ಕಟ್ಟಿ, 'ನಿಜ', 'ಸುಳ್ಳು' ಅಂತ ಮೊದಲೇ ಬರೆದಿಟ್ಟ ಹಾಳೆಗಳನ್ನು ಹೊರಗೆ ಬರಿಸ್ತಾರೆ. ಹುಡುಗ ಬಾಯಿಬಿಡ್ತಾನೆ. ಇಡೀ ಸೀಸನ್ನಿನ ಬೀಗದ ಕೈ ಅದು. ಐದನೇ ಕಂತಿನಿಂದ ವರದಿಗಾರ ಟೆಂಪಲ್‌ಟನ್‌ನ ಸುಳ್ಳು ಮೆಕ್‌ನಲ್ಟಿಯ ಸುಳ್ಳಿಗೆ ಗಂಟು ಬೀಳುತ್ತೆ. ಒಬ್ಬನನ್ನು ಬಯಲಿಗೆಳೆದರೆ ಇನ್ನೊಬ್ಬನೂ ಮುಳುಗ್ತಾನೆ. ಅಲ್ಲಿಂದ ಕಥೆ ಬಿಗಿಯಾಗುತ್ತೆ.

ಒಂಬತ್ತನೇ ಕಂತಿನಲ್ಲಿ ಮಾದಕ ವ್ಯಸನದಿಂದ ಹೊರಬರುತ್ತಿರುವ ಬಬಲ್ಸ್ ಎದ್ದು ಮಾತಾಡುವ ದೃಶ್ಯವೊಂದಕ್ಕೇ ಈ ಸೀಸನ್ ನೋಡಬಹುದು. ಅಲ್ಲಿಯವರೆಗೆ ಪಾತ್ರಗಳ ಹೆಸರನ್ನು ಗೂಗಲ್ ಮಾಡಬೇಡಿ, ಯಾರು ಸಾಯ್ತಾರೆ ಅನ್ನೋದು ಮೊದಲ ಸಾಲಲ್ಲೇ ಕಾಣಿಸಿಬಿಡುತ್ತೆ.