ವೆಂಬ್ಲಿ ತುಂಬಿದ್ದು ಯಾರಿಗಾಗಿ?

ಇಂಗ್ಲೆಂಡಿನ ಕೆಳ ಹಂತದ ಫುಟ್‌ಬಾಲ್ ಕ್ಲಬ್‌ಗಳ ಕಪ್ ಆದ ಇಎಫ್‌ಎಲ್ ಟ್ರೋಫಿಯ 2019ರ ಫೈನಲ್‌ಗೆ ಅಷ್ಟು ಜನ ಬಂದಿದ್ದರಲ್ಲ, ಹಾಗಿದ್ದ ಮೇಲೆ ಅಭಿಮಾನಿಗಳು ಈ ಕಪ್ ಬಹಿಷ್ಕರಿಸುವುದು ಯಾಕೆ ಅಂತ ಕೇಳಿದ್ದೀರಿ. ಅವತ್ತು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣಕ್ಕೆ ಬಂದಿದ್ದು 85,021 ಜನ, ನಿಜ. ಆದರೆ ಆಡಿದ್ದು ಪೋರ್ಟ್ಸ್‌ಮೌತ್ ಮತ್ತು ಸಂಡರ್‌ಲ್ಯಾಂಡ್. ಎರಡೂ ಆಗ ಲೀಗ್ ಒನ್, ಅಂದರೆ ಮೂರನೇ ಹಂತದ ಕ್ಲಬ್‌ಗಳು, ಎರಡಕ್ಕೂ ಊರೇ ಬೆನ್ನಿಗಿದೆ. ದೊಡ್ಡ ಕ್ಲಬ್‌ಗಳು ಈ ಕಪ್ಪಿಗೆ ಕಳಿಸುವ ಯುವ ತಂಡ ನೋಡಲು ಬಂದ ಜನವಲ್ಲ ಅದು.

ಸಿಟ್ಟಿಗೆ ಮೂಲ ಬೇರೆ. 2014ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎಯ ಅಧ್ಯಕ್ಷರಾಗಿದ್ದ ಗ್ರೆಗ್ ಡೈಕ್ ಅವರ ಆಯೋಗ ದೊಡ್ಡ ಕ್ಲಬ್‌ಗಳ ಬಿ ತಂಡಗಳನ್ನು, ಅಂದರೆ ಎರಡನೇ ತಂಡಗಳನ್ನು, ಲೀಗ್‌ಗೇ ಸೇರಿಸುವ ಮಾತಾಡಿತ್ತು. ಅದು ನಡೆಯಲಿಲ್ಲ. ಎರಡು ವರ್ಷದ ನಂತರ ದೊಡ್ಡ ಕ್ಲಬ್‌ಗಳ 16 ಅಕಾಡೆಮಿ (ಯುವ) ತಂಡಗಳು ಈ ಕಪ್ಪಿಗೆ ಬಂದವು. ಮುಂಬಾಗಿಲು ಮುಚ್ಚಿದ ಮೇಲೆ ಹಿತ್ತಿಲಿಂದ ಬಂದರು ಅಂತ ಜನರಿಗೆ ಅನಿಸಿದ್ದು ಸಹಜ ಅಲ್ವಾ?

ಇನ್ನೂ ನೋವಾಗಿದ್ದು ನಿಯಮಗಳಿಂದ. ಸಣ್ಣ ಕ್ಲಬ್‌ಗಳು ಮುಖ್ಯ ಆಟಗಾರರಲ್ಲಿ ಐವರನ್ನು ಇಳಿಸಲೇಬೇಕಿತ್ತು. ಬ್ರಾಡ್‌ಫರ್ಡ್ ಆ ಲೆಕ್ಕ ತುಂಬಿಸಲು ಗೋಲ್‌ಕೀಪರ್ ಕಾಲಿನ್ ಡಾಯ್ಲ್‌ರನ್ನು ಇಳಿಸಿ, ಮೂರೇ ನಿಮಿಷಕ್ಕೆ ವಾಪಸ್ ಕರೆಸಿತು. ಲೂಟನ್ ತನ್ನದೇ ಹುಡುಗರನ್ನು ಜಾಸ್ತಿ ಆಡಿಸಿ ದಂಡ ಕಟ್ಟಿತು. ಚೆಲ್ಸಿಯ ಹುಡುಗರು ಬೆಳೆಯಬೇಕು, ಲೂಟನ್ ಹುಡುಗರು ಬೇಡವೇ? ನನಗೆ ಇದು ಶುದ್ಧ ಅನ್ಯಾಯ ಅನಿಸುತ್ತದೆ.

ಹುಡುಗರಿಗೆ ಲಾಭವಿಲ್ಲ ಅನ್ನಲಾರೆ. ಗಟ್ಟಿಮುಟ್ಟಾದ ಡಿಫೆಂಡರ್ ಎದುರು ಆಡಿದರೆ ಕಲಿಯುತ್ತಾರೆ. ಆದರೆ ಅದಕ್ಕೆ ಹುಡುಗರನ್ನು ಬೇರೆ ಕ್ಲಬ್‌ಗೆ ಎರವಲು ಕೊಡುವ ಲೋನ್ ಪದ್ಧತಿ ಇದೆಯಲ್ಲ. ಅಲ್ಲಿ ಹುಡುಗ ಆ ಊರಿನ ಜರ್ಸಿ ತೊಟ್ಟು, ಆ ಊರಿನ ಪಾಯಿಂಟ್‌ಗಾಗಿ ಆಡುತ್ತಾನೆ.